ಕೊಡಲಿ ಯಾರಿಗೆ ತೋರಿಸುವುದು

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದೆ, ಹಸು ಕರೆದೆ, ಡೈರಿಗೆ ಹಾಲು ಕೊಟ್ಟು ಬಂದೆ, ತೊಗರಿಬೇಳೆ ಆರಿಸಿದೆ, ಎರಡು ಚಾಪೆ ತೊಳೆದು ಒಣಹಾಕಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಅಷ್ಟರೊಳಗೆ ನಮ್ಮ ಯಜಮಾನರು ಸುಣ್ಣದ ಡಬ್ಬಿ ಹಿಡಿದು ತೋಟಕ್ಕೆ ಹೋಗಿ ಹನ್ನೆರಡು ಮಾವಿನ ಮರಗಳಿಗೆ ಗುರುತು ಹಾಕಿ ಬಂದಿದ್ದರು. ಸೋಮವಾರ ಮರ ಕೊಯ್ಯುವವನು ಬರುತ್ತಾನೆ, ಆ ಜಾಗದಲ್ಲಿ ಬಟರ್‌ಫ್ರೂಟ್ ನೆಡುವುದು ಎಂದು ಅವರ ಯೋಚನೆ. ಅತ್ತೆ ಮದುವೆಯಾಗಿ ಉದ್ದನಪಲ್ಲಿಗೆ ಬಂದ ಹೊಸದರಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು ಅವು.

ಮರಗಳು ಮಾಡಿದ ತಪ್ಪು ಒಂದೇ, ಮೈತುಂಬ ಕಾಯಿ ಬಿಟ್ಟದ್ದು. ಎಲ್ಲವೂ ಗಿಣಿಮೂತಿ ಮಾವು. ಅದನ್ನು ಕೊಯ್ದು ತಿನ್ನುವವರಿಗಿಂತ ರಸ ಮಾಡಿ ಕುಡಿಯುವವರೇ ಹೆಚ್ಚು. ಕೃಷ್ಣಗಿರಿ ಕಡೆಯ ಪಲ್ಪ್ ಫ್ಯಾಕ್ಟರಿಗೆ ಹೋಗಿ, ಡ್ರಮ್ಮಿನಲ್ಲಿ ಕೂತು, ಕಡಲು ದಾಟುತ್ತದೆ. ಈ ಸಲ ನಮ್ಮ ಟ್ರ್ಯಾಕ್ಟರು ಗೇಟಿನ ಮುಂದೆ ಎರಡು ದಿನ ನಿಂತು, ಅರ್ಧ ಲೋಡು ಮೆತ್ತಗಾಗಿ ವಾಪಸ್ಸು ಬಂತು. ಹೋದ ವರ್ಷದ ಡ್ರಮ್ಮುಗಳೇ ಇನ್ನೂ ಹಾಗೇ ಕೂತಿವೆಯಂತೆ, ಹೊರದೇಶದವರು ಕೇಳುತ್ತಿಲ್ಲವಂತೆ.

ಕೇಳುತ್ತಿಲ್ಲ ಎಂದರೆ ಯಾರು? ನನಗೆ ಈ ಹಾಳು ಕುತೂಹಲ ಜಾಸ್ತಿ. ಅರಬ್ ದೇಶದಲ್ಲಿ ನನ್ನದೇ ವಯಸ್ಸಿನ ಒಬ್ಬಾಕೆ ಇರಬೇಕು. ಸಕ್ಕರೆ ಜಾಸ್ತಿಯಿದೆ ಎಂದು ಡಾಕ್ಟರು ಗದರಿರಬೇಕು. ಆಕೆ ಲೋಟ ಕೆಳಗಿಟ್ಟಳು, ಇಲ್ಲಿ ನಮ್ಮ ಟ್ರ್ಯಾಕ್ಟರು ತಿರುಗಿತು. ಆಕೆಯ ಮೇಲೆ ಸಿಟ್ಟು ಬರುವ ಮೊದಲೇ ನನ್ನ ಬೇಳೆಯ ನೆನಪಾಯಿತು. ಅದು ಆಫ್ರಿಕಾದಿಂದ ಬಂದದ್ದು ಎಂದು ಅಂಗಡಿಯವನು ಹೇಳಿದ್ದ. ಒಗ್ಗರಣೆಯ ಎಣ್ಣೆ ಮಲೇಷಿಯಾದ್ದು. ರೇಟು ಏರಿತೆಂದು ನಾನು ಒಂದು ತಿಂಗಳು ಹುರುಳಿಕಾಳಿಗೆ ತಿರುಗಿದರೆ ಅಲ್ಲಿ ಯಾರ ಗಾಡಿ ವಾಪಸ್ಸಾಗುತ್ತದೋ! ಹೊಸೂರು ದಾಟುವಾಗಲೇ ಬಸ್ಸಿನಲ್ಲಿ ತಲೆ ಸುತ್ತುವ ನಾನು ಕೂತಲ್ಲೇ ಯಾವುದೋ ದೇಶದ ರೈತನನ್ನು ಕಾಯಿಸುತ್ತಿದ್ದೇನೆ.

ಕಾಯಿ ಬಿಡದ ಮರವನ್ನು ಹೆದರಿಸುವ ಪದ್ಧತಿ ನಮ್ಮಲ್ಲಿದೆ. ಒಬ್ಬರು ಕೊಡಲಿ ಎತ್ತಿ ‘ಕಡಿದುಬಿಡ್ತೀನಿ’ ಎನ್ನಬೇಕು, ಇನ್ನೊಬ್ಬರು ಮರದ ಪರವಾಗಿ ‘ಬರೋ ವರ್ಷ ಬಿಡ್ತದೆ, ಬುಡಪ್ಪಾ’ ಎಂದು ಬೇಡಬೇಕು. ಅತ್ತೆ ಇದರಲ್ಲಿ ಯಾವಾಗಲೂ ಬೇಡುವವರೇ. ಸಂಜೆ ಸುಣ್ಣದ ಗುರುತು ನೋಡಿ ಬಂದವರು ಜಗಲಿಯ ಮೇಲೆ ಕೂತು ಮಗನನ್ನು ಕರೆದರು.

“ಯಾಕ್ಲಾ, ಕಾಯಿ ಬಿಟ್ಟಿದ್ದೇ ತಪ್ಪಾ?”

“ಮರದ ತಪ್ಪಲ್ಲ ಕಣಮ್ಮ. ಕುಡಿಯೋರು ಕಮ್ಮಿ ಆಗವ್ರೆ.”

“ಎಲ್ಲವ್ರೆ ಅವ್ರು?”

“ಅರಬ್ ದೇಶದಾಗೆ.”

“ಅಂಗಾದ್ರೆ ಅಲ್ಲಿಗೋಗಿ ಅವ್ರಿಗೆ ತೋರ್ಸು ಕೊಡಲಿ.”

ಯಜಮಾನರು ನಕ್ಕರು. ಅತ್ತೆ ನಗಲಿಲ್ಲ.

“ಬಟರ್‌ಫ್ರೂಟು ತಿನ್ನೋರು ಯಾರ್ಲಾ?”

“ಬೆಂಗಳೂರಿನೋರು, ಫಾರಿನ್ನೋರು.”

“ಅವ್ರೂ ಬುಟ್ಬುಟ್ರೆ?”

ನಾನು ಬಾಯಿ ಹಾಕಿದೆ. ಸೂಳಗಿರಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಹಳೆ ಮರಗಳ ತಲೆ ಮಾತ್ರ ಕತ್ತರಿಸಿ, ಅದೇ ಬೊಡ್ಡೆಗೆ ಸೇಂದೂರ ಮಾವಿನ ಕಸಿ ಕಟ್ಟಿಸಿದ್ದಾರೆ ಎಂದೆ. ಸೇಂದೂರ ಡ್ರಮ್ಮನ್ನು ಕಾಯುವ ಹಣ್ಣಲ್ಲ. ಸಂತೆಯಲ್ಲಿ ಹೋಗುತ್ತದೆ, ಬಾಯಿಗೂ ಸಿಹಿ.

“ಯಾರೂ ಕೊಳ್ದಿದ್ರೆ ತಿನ್ನೋಕೆ ನಾವಿಲ್ವಾ” ಎಂದರು ಅತ್ತೆ. ಪ್ರಪಂಚದ ವ್ಯಾಪಾರದ ಬಗ್ಗೆ ನಾನು ಫೋನಿನಲ್ಲಿ ಓದಿದ್ದರಲ್ಲೆಲ್ಲ ಇಷ್ಟು ಧೈರ್ಯದ ಮಾತು ಸಿಕ್ಕಿರಲಿಲ್ಲ. ಯಜಮಾನರು ಮೀಸೆ ತಿರುವಿ, ಮರ ಕೊಯ್ಯುವವನಿಗೆ ಫೋನು ಮಾಡಿ ‘ಸೋಮವಾರ ಬರಬೇಡ’ ಎಂದರು. ಆಮೇಲೆ ನನ್ನ ತಂಗಿಗೆ ಫೋನು ಹಚ್ಚಿ ಕಸಿ ಕಟ್ಟುವವನ ನಂಬರು ಕೇಳಿದರು.

ಊಟಕ್ಕೆ ಮುದ್ದೆ, ದಂಟಿನ ಸೊಪ್ಪಿನ ಸಾರು, ಸುಟ್ಟ ಹಪ್ಪಳ. ಹಾಸಿಗೆ ಬಿಡಿಸುವಾಗ ಅತ್ತೆ ಕೇಳಿದರು:

“ಕಸಿ ಕಾಯಿ ಬಿಡೋಕೆ ಎಷ್ಟು ವರ್ಷ ಆಯ್ತದೆ?”

“ಮೂರಾದ್ರೂ ಬೇಕು ಅತ್ತೆ.”

ಅವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. “ಆಗ್ಲಿ, ಇರ್ತೀನಿ ಬುಡು” ಎಂದು ಮಗ್ಗುಲಾದರು. ಮೊದಲು ನಿದ್ದೆ ಹೋದವರೂ ಅವರೇ.