ಗಣತಿ ಮಾಸ್ತರರು ಕಾದ ಕೂಸು

ಊರು ಸಂತೆಕಲ್ಲೂರೋ ಗುರುಗುಂಟಾವೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಜನಗಣತಿಗೆ ಓಡಾಡುತ್ತಿದ್ದ ಆ ಮಾಸ್ತರರ ಮಾತು ಖಚಿತ: "ಒಂದು ಜೀವ ಬಿಟ್ರೂ ಜಿಲ್ಲಾ ಕುಂಟತೈತ್ರೀ!"

ಕೊನೆಯ ಸಂಜೆ ನಾನೂ ಜೊತೆಗಿದ್ದೆ. ಹೊತ್ತು ಮುಳುಗಿದರೆ ಲೆಕ್ಕ ಮುಗಿಯುತ್ತಿತ್ತು, ಆಮೇಲೆ ಹುಟ್ಟಿದವರು ಅದರಲ್ಲಿ ಸೇರುತ್ತಿರಲಿಲ್ಲ. ಕುರಿಗಾರರ ಮನೆಯ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಕುರಿ ಎಣಿಸ್ಕೋ ಮಾಸ್ತರ, ಮಕ್ಕಳನ್ನ ಎಣಿಸಬ್ಯಾಡ, ದಿಟ್ಟಿ ಆಗತೈತಿ. ಒಳಗ ಸೊಸಿ ಬ್ಯಾನಿ ತಿನ್ನಾಕತ್ತಾಳ."

"ಹಂಗಾರ ಆ ಕೂಸನ್ನೂ ಬಿಡಂಗಿಲ್ಲ ನಾ!" ಎಂದು ಮಾಸ್ತರರು ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಕಾಲು ಕುಣಿಯುತ್ತಿತ್ತು, ಕಣ್ಣು ಸೂರ್ಯನ ಮೇಲಿತ್ತು.

ಒಳಗೆ ಅಳು ಕೇಳಿತು. ಹಿಂದೆಯೇ ಇನ್ನೊಂದು! ಅಜ್ಜಿ ಸೆರಗು ಜಾರಿದ್ದೂ ತಿಳಿಯದೆ ಓಡಿಬಂದಳು.

"ಎರಡು ಅದಾವಲೋ ಮಾಸ್ತರ, ಎರಡು! ಮೊದಲಿನ ಮೂರೂ ಸೇರಿಸಿ ಐದು ಬರಕೋ, ಜಲ್ದಿ!"