ಗಂಗಕ್ಕನ ಹಾಡಿಗೆ ಕೊಂಡ ಮೆಮರಿ

ಕಂಪ್ಯೂಟರಿನ ಮೆಮರಿ ಪಟ್ಟಿ ನೋಡಲು ಜೇಬಿನಲ್ಲಿಡುವ ಬಾಚಣಿಗೆಯಷ್ಟೇ ಇರುತ್ತದೆ. ಹಲ್ಲುಗಳ ಬದಲು ಅಂಚಿಗೆ ಚಿನ್ನದ ಬಣ್ಣದ ಗೆರೆಗಳು, ಅಷ್ಟೇ ವ್ಯತ್ಯಾಸ. ಇಷ್ಟು ಅಲ್ಪವಾದ ವಸ್ತುವನ್ನು ಆರಿಸಲು ಐವತ್ತು ದಾಟಿದ ಇಬ್ಬರು ಗಂಡಸರು ವಿಜಯಪುರದ ಬಿಸಿಲಿನಲ್ಲಿ ಅಂಗಡಿಯಿಂದ ಅಂಗಡಿಗೆ ಮಧ್ಯಾಹ್ನವಿಡೀ ಅಲೆದೆವೆಂದರೆ ನಿಮಗೆ ನಗು ಬರಬಹುದು. ಬರಲಿ, ಆ ದಿನ ನಾವೂ ನಕ್ಕಿದ್ದೆವು.

ಇಬ್ಬರಲ್ಲಿ ಒಬ್ಬ ನಾನು, ಕಾಲೇಜಿನಲ್ಲಿ ಹಳಗನ್ನಡ ವ್ಯಾಕರಣ ಬೋಧಿಸಿ ವಿದ್ಯಾರ್ಥಿಗಳ ನಿದ್ರೆಗೆ ಯಥಾಶಕ್ತಿ ನೆರವಾಗುವವನು. ಇನ್ನೊಬ್ಬ ಸಲೀಂ, ಬಬಲೇಶ್ವರದ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತವನು, ಈಗ ತಿಕೋಟಾದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಸುತ್ತಿನ ಊರುಗಳ ಮದುವೆಗಳನ್ನು ಸೆರೆಹಿಡಿಯುವವನು. ಬೀಡಿ ಸೇದದ, ಇಸ್ಪೀಟು ಮುಟ್ಟದ ಈ ಸಾಧುವಿಗೆ ಇದ್ದ ಏಕೈಕ ವ್ಯಸನವೆಂದರೆ ಓವರ್‌ಕ್ಲಾಕಿಂಗ್, ಅಂದರೆ ತಯಾರಿಸಿದವರು ಗೊತ್ತುಮಾಡಿದ ವೇಗವನ್ನು ಮೀರಿ ಕಂಪ್ಯೂಟರನ್ನು ಓಡಿಸುವುದು. ಓಡಿದಷ್ಟೂ ಅದು ಬಿಸಿಯಾಗುತ್ತದೆ. ಆದ್ದರಿಂದ ಅದರ ಪಕ್ಕದ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನು ಇಟ್ಟಿದ್ದ. ಗಿರಾಕಿಗಳು ಬೆವರೊರೆಸಿಕೊಳ್ಳುತ್ತ ಕುಳಿತರೂ ಫ್ಯಾನಿನ ಮುಖ ಅವರ ಕಡೆ ತಿರುಗುತ್ತಿರಲಿಲ್ಲ.

ನಾನು ಹಂಗಿಸಿದರೆ ಅವನ ಉತ್ತರ ಸಿದ್ಧವಿತ್ತು: "ಎತ್ತು ತಾನಾಗೇ ಓಡತೈತಿ ಅಂದಮ್ಯಾಲ ಹಗ್ಗ ಯಾಕ ಜಗ್ಗಬೇಕಲೇ ಮಾಸ್ತರ?"

ನಮ್ಮನ್ನು ಆ ಬಿಸಿಲಿಗೆ ಎಳೆದು ತಂದವಳು ನನ್ನ ಅಕ್ಕ ಗಂಗವ್ವ. ಮದುವೆಯಾಗಿ ಕಾಖಂಡಕಿ ಸೇರಿದ ಅವಳಿಗೆ ಅಕ್ಷರ ಬಾರದು, ಬಾರದ ಹಾಡಿಲ್ಲ. ಬೀಸುವ ಹಾಡು, ಕುಟ್ಟುವ ಹಾಡು, ಸೋಬಾನೆ, ಜೊತೆಗೆ ತಾನೇ ಕಟ್ಟಿದ ಕೆಲವು. ಆ ವರ್ಷ ಅವಳ ದನಿ ಒಡೆಯತೊಡಗಿತು. ಗಂಟಲಲ್ಲಿ ಗಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

"ಉಣ್ಣಾಕ ಬರತೈತ್ರಿ?" ಎಂದು ಕೇಳಿದಳು ಅಕ್ಕ.

"ಬರ್ತದವ್ವಾ."

"ಮಾತಾಡಾಕ?"

ಡಾಕ್ಟರು ಕಾಗದದ ಮೇಲೆ ಕಣ್ಣಿಟ್ಟರು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು ಕೇಳಿದಳು: "ತಮ್ಮಾ, ಹಾಡು ಎಲ್ಲಿ ಇಡ್ಲಿ?"

ಆ ಪ್ರಶ್ನೆಯನ್ನು ಸಲೀಂಗೆ ಒಯ್ದೆ. ಅವನ ಬಳಿ ಉತ್ತರವಿತ್ತು. ಮರುದಿನವೇ ಮೈಕು ಹೊತ್ತು ಕಾಖಂಡಕಿಗೆ ಬಂದ. ಅಕ್ಕ ಬೀಸುಕಲ್ಲಿನ ಮುಂದೆ ಕುಳಿತು, ಒಡಕು ದನಿಯಲ್ಲೇ, ನಡುನಡುವೆ ನೀರು ಗುಟುಕರಿಸುತ್ತ ಹಾಡಿದಳು. ನನಗೆ ವಹಿಸಿದ ಕೆಲಸ ಹೊರಗೆ ನಿಂತು ಆಡುಗಳನ್ನೂ ಮೋಟರ್‌ಸೈಕಲ್ಲುಗಳನ್ನೂ ದೂರ ಇಡುವುದು. ಪಂಪ ರನ್ನರನ್ನು ಅರಗಿಸಿಕೊಂಡವನ ಮಾತನ್ನು ಒಂದು ಆಡೂ ಕೇಳಲಿಲ್ಲ. ಅವುಗಳ ಹಿಂದೆ ಓಡಿದ ಗಡಿಬಿಡಿಯಲ್ಲಿ ಒಳಗಿನ ಹಾಡು ನನ್ನ ಕಿವಿಗೆ ಬೀಳಲೇ ಇಲ್ಲ.

ಅಕ್ಕ ಅಂದು ಹಾಡಿದವುಗಳಲ್ಲಿ ಒಂದು ಹಾಡನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅದು ನಮ್ಮವ್ವ ತೀರಿಕೊಂಡ ದಿನವನ್ನು ಕುರಿತು ಅಕ್ಕ ಕಟ್ಟಿದ್ದು. ಅವ್ವ ಹೋದಾಗ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಸುದ್ದಿ ಮುಟ್ಟಿ ಬಬಲೇಶ್ವರಕ್ಕೆ ಬರುವಷ್ಟರಲ್ಲಿ ಮಣ್ಣು ಕೊಡುವುದೂ ಮುಗಿದಿತ್ತು. ಕೊನೆಗಳಿಗೆಯಲ್ಲಿ ಅವಳ ತಲೆ ಅಕ್ಕನ ತೊಡೆಯ ಮೇಲಿತ್ತು. ಅವ್ವ ನನ್ನ ಬಗ್ಗೆ ಏನಾದರೂ ಅಂದಳೇ ಎಂದು ಕೇಳಿದಾಗಲೆಲ್ಲ ಅಕ್ಕ, "ಹಾಡಿನ್ಯಾಗ ಐತಿ, ಒಂದಿನ ಕೇಳೀಯಂತ" ಎನ್ನುತ್ತಿದ್ದಳು. ಆದರೆ ಆ ಹಾಡನ್ನು ಅವಳು ಒಬ್ಬಳೇ ಇದ್ದಾಗ ಮಾತ್ರ ಹಾಡಿಕೊಳ್ಳುತ್ತಿದ್ದಳು. ಅವಳ ಸೊಸೆ ಮಾದೇವಿಗೂ ಅದು ಗೊತ್ತಿರಲಿಲ್ಲ. ಈಗ ಮೈಕಿನ ಮುಂದೆ ಅದನ್ನೂ ಹಾಡಿದ್ದಾಳೆ ಎಂದು ಸಲೀಂ ಹೇಳಿದಾಗ, ಎಲ್ಲವೂ ಶುದ್ಧವಾದ ಮೇಲೆ ಅವಳ ಪಕ್ಕದಲ್ಲೇ ಕುಳಿತು ಕೇಳುವೆನೆಂದುಕೊಂಡೆ.

ಶುದ್ಧ ಮಾಡುವುದೆಂದರೆ ಹಾಡಿನೊಳಗೆ ಸೇರಿಕೊಂಡ ಪಂಪ್‌ಸೆಟ್ಟಿನ ಗುಂಯ್‌ಗುಡಿತವನ್ನೂ ನಾಯಿಗಳ ಬೊಗಳಾಟವನ್ನೂ ಸೋಸಿ ತೆಗೆಯುವುದು. ಅದಕ್ಕೆ ತನ್ನ ಕಂಪ್ಯೂಟರಿನಲ್ಲಿದ್ದ ಮೆಮರಿ ಸಾಲದು ಎಂದ ಸಲೀಂ. ಹೀಗೆ ಆ ಮಧ್ಯಾಹ್ನ ನಾವು ಅಂಗಡಿ ಹೊಕ್ಕದ್ದು. ಮೆಮರಿಗೆ 'ಸ್ಮೃತಿಫಲಕ' ಎನ್ನಬಹುದಲ್ಲ ಎಂದು ನಾನು ಸೂಚಿಸಿದೆ. "ಹಂಗಂದ್ರ ಅಂಗಡಿಯಾಂವ ಗೋರಿಕಲ್ಲ ತಂದ ಕೊಡ್ತಾನ" ಎಂದ ಸಲೀಂ. ಇಬ್ಬರೂ ನಕ್ಕದ್ದು ಆಗಲೇ.

ಕೊನೆಯ ಅಂಗಡಿಯಾತ ಎರಡು ಬಗೆ ತೋರಿಸಿದ. ಒಂದು ಸಾದಾ, ಹಸಿರು ಮೈಯದು, ವೇಗ ಕಡಿಮೆ. ಇನ್ನೊಂದಕ್ಕೆ ಕೆಂಪು ಲೋಹದ ಕವಚ, ವೇಗ ಹೆಚ್ಚು.

"ಪಾಕೀಟಿನ ಮ್ಯಾಲ ಬರದಿದ್ದ ವೇಗ ಖರೇನರಿ, ಆದ್ರ ನಿಮ್ಮ ಕಂಪ್ಯೂಟರಿನ ಬೋರ್ಡ್ ಅದಕ್ಕ ಒಪ್ಪಬೇಕು" ಎಂದ ಅಂಗಡಿಯಾತ. "ಹಳೇವ್ರ ಜೋಡಿ ಇವನ್ನ ಕೂಡಿಸಿದ್ರ ಒಮ್ಮೊಮ್ಮೆ ಜಗಳಾ ಮಾಡ್ತಾವ."

ಸಲೀಂ ಎರಡನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿದ. ಮಾಮೂಲಿನಂತೆ ಗರ್ವದಿಂದಲ್ಲ, ಮೆಲ್ಲಗೆ ಹೇಳಿದ: "ಸಾವಕಾಶ ಓಡೂದು ಹಾಕಿದ್ರ ಕೆಲಸ ಮುಗಿಯೂದಿಲ್ಲೋ. ಅಕ್ಕ ದವಾಖಾನಿಗೆ ಹೋಗೂದರಾಗ ಅಕಿಗೆ ಅಕಿ ದನಿ ಕೇಳಸ್ಬೇಕು."

ಕೆಂಪು ಕವಚದ್ದು ನಮ್ಮ ಜೊತೆ ತಿಕೋಟಾಕ್ಕೆ ಬಂತು.

ಯಂತ್ರ ಮೊದಲಿಗಿಂತ ಚುರುಕಾಗಿ ಓಡಿತು. ಸಲೀಂ ಹಾಡುಗಳನ್ನು ಒಂದೊಂದಾಗಿ ಸೋಸಿ, ಜಾಗ ಉಳಿಯಲೆಂದು ಒತ್ತಿ ಚಿಕ್ಕದಾಗಿಸಿ ಜೋಡಿಸಿಟ್ಟ. ಮೊದಲಿನ ಕೆಲವನ್ನು ಕೇಳಿ ನೋಡಿದ, ಚೊಕ್ಕವಾಗಿದ್ದವು. ಮೂಲ ಹಾಡುಗಳಿದ್ದ ಮೈಕಿನ ಕಾರ್ಡನ್ನು ಎಂದಿನಂತೆ ಅಳಿಸಿ ಘೋಣಸಗಿಯ ಒಂದು ಮದುವೆಗೆ ಒಯ್ದ. ಅಷ್ಟರಲ್ಲಿ ಹಾಸಿಗೆ ಖಾಲಿಯಾಗಿದೆಯೆಂದು ಆಸ್ಪತ್ರೆಯವರು ಕರೆದರು. ಅಕ್ಕನನ್ನು ಅವಸರದಲ್ಲಿ ಕರೆದೊಯ್ದೆವು. ಕೇಳಿಸಬೇಕೆಂದುಕೊಂಡದ್ದು ಹಾಗೇ ಉಳಿಯಿತು.

ಮರಳಿ ಮನೆಗೆ ಬಂದ ಅಕ್ಕನ ಕೊರಳಿನಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮೇಲೊಂದು ಬಿಳಿ ಅರಿವೆ. ಸಲೀಂ ಕಂಪ್ಯೂಟರಿನಿಂದ ಹಾಡುಗಳನ್ನು ಹೊರತೆಗೆದದ್ದು ಆಗ. ಕೆಲವು ನೆಟ್ಟಗಿದ್ದವು. ಕೆಲವು ಕರಕರ ಎಂದು ಅರಚಿ, ನಡುವೆ ತುಂಡಾಗಿ, ಮುಂದೆಲ್ಲೋ ಮತ್ತೆ ಹಿಡಿದುಕೊಳ್ಳುತ್ತಿದ್ದವು. ಹೊಸ ಮೆಮರಿ ಆ ವೇಗವನ್ನು ತಾಳಿಕೊಂಡಂತೆ ನಟಿಸಿತ್ತು. ಒಳಗೊಳಗೇ ಅಂಕಿಗಳನ್ನು ತಪ್ಪಿಸುತ್ತಿತ್ತು. ಒತ್ತಿಟ್ಟ ಹಾಡಿನಲ್ಲಿ ಒಂದು ಅಂಕಿ ತಪ್ಪಿದರೆ ಅದರ ಸುತ್ತಲಿನದೂ ಹೋಗುತ್ತದಂತೆ. ಕಂಪ್ಯೂಟರು ನಿಂತುಹೋಗಿದ್ದರೆ ಯಾರಾದರೂ ಎಚ್ಚರಗೊಳ್ಳುತ್ತಿದ್ದರು. ಅದು ನಿಲ್ಲಲಿಲ್ಲ.

ಅವ್ವನ ಹಾಡೂ ತುಂಡಾದವುಗಳಲ್ಲಿ ಒಂದು, ಅದೂ ಅವ್ವ ನನ್ನ ಬಗ್ಗೆ ಅಂದ ಸಾಲಿನಲ್ಲೇ.

"ಅಕ್ಕ ಹಾಡೂವಾಗ ನೀನು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ ಕುಂತಿದ್ದೆಲ್ಲೋ, ಆ ಸಾಲು ಏನಿತ್ತು?" ಎಂದು ಸಲೀಂನನ್ನು ಕೇಳಿದೆ.

"ದನಿ ಏರಿತೋ ಇಳೀತೋ ಅಂತ ಅಷ್ಟ ನೋಡಾಕತ್ತಿದ್ನಿ" ಎಂದ. "ನಾ ದನಿ ಕೇಳಿನೋ, ಮಾತು ಕೇಳಲಿಲ್ಲ."

ಅದನ್ನು ಅಕ್ಕನಿಂದ ಮುಚ್ಚಿಡುವುದು ಸಲೀಂಗೆ ಒಗ್ಗಲಿಲ್ಲ. ಒಂದು ಬೆಳಿಗ್ಗೆ ಇಬ್ಬರೂ ಕಾಖಂಡಕಿಗೆ ಹೋದೆವು. ಪಡಸಾಲೆಯಲ್ಲಿ ಅಕ್ಕ, ಮಾದೇವಿ, ನಾವು. ನೆಟ್ಟಗಿದ್ದ ಹಾಡುಗಳನ್ನು ಕೇಳುತ್ತ ಅಕ್ಕ ತೊಡೆಯ ಮೇಲೆ ತಾಳ ಹಾಕಿದಳು. ಆಮೇಲೆ ಅವ್ವನ ಹಾಡು ಬಂತು. ಅವ್ವ ಮಮದಾಪುರದ ಕೆರೆಯ ನೀರು ಬೇಡಿದ್ದು, ಬಾಗಿಲ ಕಡೆ ಕಣ್ಣು ಹೊರಳಿಸಿದ್ದು, ಮಗನ ಹೆಸರು ಹಿಡಿದು ಕರೆದದ್ದು. ಅಲ್ಲಿಗೆ ದನಿ ತುಂಡಾಯಿತು. ಕರಕರ ಸದ್ದು ಮುಗಿಯುವಷ್ಟರಲ್ಲಿ ಹಾಡಿನೊಳಗೆ ಅವ್ವನ ಕಣ್ಣು ಮುಚ್ಚಿತ್ತು.

ಸಲೀಂ ತಲೆ ತಗ್ಗಿಸಿದ. "ಅಕ್ಕಾ, ಹೋತು. ನನ್ನ ಕೈಯಾಗ ಹೋತು."

ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ತುಟಿ ಆಡಿಸಿದಳು. ಕಳೆದ ಸಾಲನ್ನು ಹೇಳುತ್ತಿದ್ದಾಳೆಂದು ಎಲ್ಲರಿಗೂ ತಿಳಿಯಿತು. ಉಸಿರು ಕೊರಳಿನ ಅರಿವೆಯನ್ನು ಅಲುಗಿಸಿತೇ ಹೊರತು ಬಾಯಿಗೆ ಏರಲಿಲ್ಲ. ಮಾದೇವಿ ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕುಳಿತು, ಮತ್ತೆ ಮತ್ತೆ ಹೇಳಿಸಿದಳು.

"ಮಾವಾ, ಕಡೀ ಮಾತು 'ಬರ್ತಾನ' ಅಂದಂಗ ಕಾಣತೈತ್ರಿ" ಎಂದಳು. ಅತ್ತೆಯ ತುಟಿಯನ್ನು ಇನ್ನೊಮ್ಮೆ ನೋಡಿ, "ಇಲ್ಲಂದ್ರ 'ಮರ್ತಾನ' ಇರಬೇಕು" ಎಂದಳು.

ಪ, ಬ, ಮ ಮೂರಕ್ಕೂ ತುಟಿಗಳು ಒಂದೇ ರೀತಿ ಕೂಡುತ್ತವೆ. ಓಷ್ಠ್ಯಾಕ್ಷರಗಳ ಈ ಪಾಠವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ತೋರಿಸಿದವನು ನಾನು. ದನಿಯೊಂದಿಲ್ಲದಿದ್ದರೆ ಬರುತ್ತಾನೆ ಎಂಬುದಕ್ಕೂ ಮರೆತಿದ್ದಾನೆ ಎಂಬುದಕ್ಕೂ ತುಟಿಯಲ್ಲಿ ಯಾವ ಭೇದವೂ ಇಲ್ಲ.

ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆ. "ಅಕ್ಕಾ, ಅವ್ವ ಏನಂದ್ಲು? ಮಗ ಬರ್ತಾನ ಅಂದ್ಲೋ, ಮರ್ತಾನ ಅಂದ್ಲೋ?"

ಅಕ್ಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಚಿಕ್ಕವನಿದ್ದಾಗ ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದರೆ ನೋಡುತ್ತಿದ್ದ ಹಾಗೆ. ಆಮೇಲೆ ಕೈಯನ್ನು ಬಾಗಿಲ ಕಡೆಯಿಂದ ತನ್ನ ಕಡೆಗೆ ಎಳೆದುಕೊಂಡು, ಬರುತ್ತಾನೆ ಎಂದು ಸನ್ನೆ ಮಾಡಿ, ಹೌದೆಂಬಂತೆ ತಲೆಯಾಡಿಸಿದಳು.

"ಖರೇನ, ಅತ್ತಿ?" ಎಂದಳು ಮಾದೇವಿ.

ಅಕ್ಕ ಆಗಲೇ ಎದ್ದು ಒಳಗೆ ಹೋಗಿದ್ದಳು. ನಮಗೆ ರೊಟ್ಟಿ ಬಡಿಯಲು ಹಿಟ್ಟು ಕಲಸತೊಡಗಿದ್ದಳು.