ಕುಲುಮೆಯಲ್ಲಿ ಕತ್ತು ಕಳೆದುಕೊಂಡ ಹಂಸ

ನಮ್ಮ ಚಿಕ್ಕಪ್ಪ ಜೀವಮಾನವಿಡೀ ಹಲ್ಲಿನ ಸೆಟ್ಟು ಮಾಡಿದವರು. ನಿವೃತ್ತಿಯಾದ ಮೇಲೆ ಅವರಿಗೆ ಗಾಜು ಕರಗಿಸಿ ಗೊಂಬೆ ಮಾಡುವ ಹುಚ್ಚು ಹಿಡಿಯಿತು. ಕಾರನ್ನು ಗ್ಯಾರೇಜಿನಿಂದ ಬೀದಿಗೆ ಅಟ್ಟಿ, ಗೋಡೆಗೆ ತಗಡು ಹೊಡೆಸಿ, ಬಿಸಿಗಾಳಿ ಹೊರಹೋಗಲು ಫ್ಯಾನ್ ಕೂರಿಸಿ, ಪುಟ್ಟದೊಂದು ವಿದ್ಯುತ್ ಕುಲುಮೆ ತಂದಿಟ್ಟರು. ಬೀದಿಯ ಪಾರಿವಾಳಗಳು ಕಾರಿನ ಬಣ್ಣವನ್ನೇ ಬದಲಿಸಿದವು. ಚಿಕ್ಕಮ್ಮ ಗಡುವು ಕೊಟ್ಟರು.

“ಭಾನುವಾರದೊಳಗೆ ಏನಾದ್ರೂ ಮಾಡಿ ತೋರಿಸ್ರಿ. ಅದೇನು ಅಂತ ನೋಡಿದ ತಕ್ಷಣ ನಂಗೆ ಗೊತ್ತಾಗ್ಬೇಕು. ಇಲ್ದಿದ್ರೆ ಕಾರು ಒಳಗೆ, ನಿಮ್ಮ ಕುಲುಮೆ ಹೊರಗೆ!”

ಚಿಕ್ಕಪ್ಪ ನೀಳಕತ್ತಿನ ಹಂಸ ಮಾಡಿದರು. ಬಿಸಿ ಗಾಜು ತಟ್ಟನೆ ತಣಿದರೆ ಬಿರುಕು ಬಿಡುತ್ತದೆ. ಅದನ್ನು ಕುಲುಮೆಯಲ್ಲಿಟ್ಟು ನಿಧಾನವಾಗಿ ಆರಿಸಬೇಕು. ಬಿರುಕು ಬಿಡುವ ಭಯಕ್ಕೆ ಅವರು ಶಾಖವನ್ನು ತುಸು ಹೆಚ್ಚೇ ಇಟ್ಟರು. ಭಾನುವಾರ ಬಾಗಿಲು ತೆರೆದರೆ ಹಂಸದ ಕತ್ತು ಕುಸಿದು ಹೊಟ್ಟೆಗೆ ಸೇರಿಹೋಗಿತ್ತು. ಮೇಲೆ ಉಳಿದದ್ದು ಕೊಕ್ಕು ಮಾತ್ರ.

ಚಿಕ್ಕಮ್ಮ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು.

“ಅಯ್ಯೋ, ನಮ್ಮಣ್ಣ! ಅದೇ ಮೂಗು, ಅದೇ ಹೊಟ್ಟೆ, ಕತ್ತೇ ಇಲ್ಲ! ಏನ್ ಕೈ ರೀ ನಿಮ್ದು!”

“ಮತ್ತೆ? ನಿಮ್ಮಣ್ಣನ್ನ ಬಿಟ್ಟು ಇನ್ಯಾರನ್ನ ಮಾಡ್ಲಿ ಹೇಳು,” ಎಂದರು ಚಿಕ್ಕಪ್ಪ, ಕಣ್ಣು ಮಿಟುಕಿಸದೆ.

ಗ್ಯಾರೇಜು ಅವರದಾಯಿತು. ಸಂಜೆ ಚಿಕ್ಕಮ್ಮನ ಅಣ್ಣನೇ ಬಂದು, ಕನ್ನಡಕ ಒರೆಸಿಕೊಂಡು ತಮ್ಮ ಪ್ರತಿಮೆ ನೋಡಿದರು.

“ಹೋಲಿಕೆ ಏನೋ ಚೆನ್ನಾಗಿದೆ ಭಾವ. ಆದ್ರೆ ಈ ಬಾಲ ಯಾಕೆ?”

“ಬಾಲ ಅಲ್ಲ, ಅದು ನಿಮ್ಮ ಅಂಗಿ. ಯಾವತ್ತೂ ಹಿಂದೆ ಹೊರಗೇ ಬಂದಿರುತ್ತಲ್ಲ!”

ಅವರು ಮೆಲ್ಲಗೆ ಹಿಂದೆ ಕೈಹಾಕಿ ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿಕೊಂಡರು.